ಸಹಿಯಾಗದ ಇಳಿಜಾರು

ಕಳೆದ ವಾರ ಹೊಸೂರಿನ ಮೂಕಂಡಪಲ್ಲಿಯಲ್ಲಿ ಒಂದು ಖಾಲಿ ನಿವೇಶನದ ಒಣಹುಲ್ಲಿಗೆ ಯಾರೋ ಬೆಂಕಿ ಇಟ್ಟಿದ್ದರು. ಸುತ್ತ ಕಾರ್ಮಿಕರ ಬಾಡಿಗೆ ಮನೆಗಳು, ಒಂದು ಬದಿಗೆ ಕಾರ್ಖಾನೆಯ ಗೋಡೆ. ಬೆಂಕಿ ಎಲ್ಲಿಗೂ ಹೋಗುವಂತಿರಲಿಲ್ಲ. ಪಾಳಿ ಮುಗಿಸಿ ಬರುತ್ತಿದ್ದವರು ಮೂಗಿಗೆ ಕರವಸ್ತ್ರ ಹಿಡಿದು ದಾಟಿಹೋದರು. ನಾನು ಮಾತ್ರ ಆ ವಾಸನೆ ಬಡಿದ ಕೂಡಲೇ ನಿಂತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದೆ. ಆಮೇಲೆ ಎದುರಿನ ಮನೆಗಳ ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂದು ನೋಡಿದೆ. ಈ ಎರಡು ಅಭ್ಯಾಸಗಳೂ ನನಗೆ ಅಂಟಿಕೊಂಡದ್ದು ಒಂದೇ ಬೇಸಗೆಯಲ್ಲಿ. ಅಂದಿನಿಂದ ಅವು ಬಿಟ್ಟಿಲ್ಲ.

ಆ ಬೇಸಗೆಯನ್ನು ಬರೆದಿಡಬೇಕೆಂದು ಎರಡು ಬಾರಿ ಕುಳಿತೆ, ಎರಡು ಬಾರಿಯೂ ಎದ್ದೆ. ಮಣ್ಣಿನ ಸಂಶೋಧನೆಯಲ್ಲಿ ಆಯುಷ್ಯ ಕಳೆದವಳಿಗೆ ದಿನಾಂಕವಿಲ್ಲದ ಮಾದರಿ ಬರೀ ಮಣ್ಣು. ಅದಕ್ಕೇ ಈ ಸಲ ಮೊದಲು ನನ್ನ ದಿನಚರಿಯನ್ನು ಪಂಚಾಂಗದೊಡನೆ ಹೋಲಿಸಿದೆ, ಆಮೇಲೆ ಎರಡನ್ನೂ ಅದು ನಡೆದ ದೊಡ್ಡಿಯ ಜನರ ನೆನಪಿನೊಡನೆ. ಅವರು ದಿನವನ್ನು ಗುರುತಿಸುವುದು ಸಂತೆಯಿಂದ, ಅಮಾವಾಸ್ಯೆಯಿಂದ, ಬಸ್ಸು ಬಾರದ ದಿನದಿಂದ. ಒಂದೆರಡು ಕಡೆ ಬಿಟ್ಟರೆ ಮೂರೂ ಹೊಂದುತ್ತವೆ. ಹೊಂದದ ಕಡೆ ಹಾಗೆಂದು ಹೇಳುತ್ತೇನೆ.

ದೊಡ್ಡಿಯ ಪೂರ್ತಿ ಹೆಸರು ಬೇಡ. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಬೆಟ್ಟದ ಬುಡಕ್ಕೆ ಒತ್ತಿಕೊಂಡಿರುವ ಒಂದು ಸಣ್ಣ ವಸತಿ ಅದು. ಮನೆಗಳ ಬೆನ್ನಿಗೇ ಹುಲ್ಲಿನ ಇಳಿಜಾರು. ಇಳಿಜಾರಿನ ನೆತ್ತಿಯ ಮೇಲೆ ಮೀಸಲು ಅರಣ್ಯದ ಗಡಿಕಲ್ಲುಗಳು. ಇಳಿಜಾರಿಗೆ ಪಟ್ಟಾ ಇದೆ, ಮನೆಮನೆಗೂ ಪಾಲಿದೆ. ಹುಲ್ಲಿನ ವಿಷಯದಲ್ಲಿ ಮಾತ್ರ ಅದು ಒಂದೇ ನೆಲವಾಗಿತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ, ಇಬ್ಬನಿಗೆ ಹುಲ್ಲಿನ ಬುಡ ಇನ್ನೂ ಒದ್ದೆಯಾಗಿದ್ದು ತುದಿ ಮಾತ್ರ ಬಿಸಿಲಿಗೆ ಆರಿದ ಬೆಳಗ್ಗೆ, ದೊಡ್ಡಿಯವರು ಅದನ್ನು ಸುಡುತ್ತಿದ್ದರು. ನೆತ್ತಿಯಿಂದ ಹಚ್ಚಿ ಕೆಳಕ್ಕೆ ತರಬೇಕು, ಗಾಳಿಗೆ ಎದುರಾಗಿ. ಬೆಂಕಿ ಆಗ ಮೊಣಕಾಲೆತ್ತರ ಮೀರದೆ ತೆವಳಿಕೊಂಡು ಬರುತ್ತದೆ. ಇಕ್ಕೆಲದಲ್ಲೂ ಹೊಂಗೆಯ ಹಸಿ ಸೊಪ್ಪು ಹಿಡಿದು ಜನ ನಿಂತಿರುತ್ತಾರೆ. ಇದಕ್ಕೊಂದು ಕಟ್ಟಳೆ ಇತ್ತು: ಎಲ್ಲ ಮನೆಯಿಂದಲೂ ಕೈ ಬರದ ಹೊರತು ಕಡ್ಡಿ ಗೀರುವಂತಿಲ್ಲ. ಮಾತು ಬಿಟ್ಟವರೂ ಬರಬೇಕು, ಬಂದು ಪಕ್ಕಪಕ್ಕ ನಿಲ್ಲಬೇಕು. ಬೂದಿಯ ಮೇಲೆ ಹೊಸ ಹುಲ್ಲು ಚಿಗುರಿದಾಗ ಎಲ್ಲರ ದನವೂ ಎಲ್ಲ ಕಡೆಯೂ ಮೇಯುತ್ತಿದ್ದವು.

ಆ ಇಳಿಜಾರಿಗೆ ಇಂಗಾಲದ ಯೋಜನೆ ಬಂತು. ಕಂಪನಿ ಸಸಿ ನೆಡುತ್ತದೆ, ಮರ ಗಾಳಿಯಿಂದ ಇಂಗಾಲ ಹೀರುತ್ತದೆ, ಹೀರಿದ್ದನ್ನು ಅಳೆದು ಎಲ್ಲೋ ದೂರದ ಒಂದು ಉದ್ಯಮಕ್ಕೆ ಮಾರಲಾಗುತ್ತದೆ. ಆ ಉದ್ಯಮ ತಾನು ಉಗುಳಿದ ಹೊಗೆಯಿಂದ ಇದನ್ನು ಕಳೆದು, ತನ್ನ ಹೊಗೆ ಇಲ್ಲವೆಂದು ಹೇಳಿಕೊಳ್ಳಬಹುದು. ದೊಡ್ಡಿಯವರಿಗೆ ವರ್ಷಕ್ಕೊಂದು ಪಾಲು, ದಾರಿಗೆ ಜಲ್ಲಿ. ಒಪ್ಪಂದ ಮೊಮ್ಮಕ್ಕಳ ಕಾಲದವರೆಗೆ. ಅಲ್ಲಿಯವರೆಗೆ ಇಳಿಜಾರಿನಲ್ಲಿ ಬೆಂಕಿ ಇಲ್ಲ, ಮೇವು ಇಲ್ಲ, ಕೊಯ್ಲು ಇಲ್ಲ. ಮಣ್ಣಿನ ಮಾದರಿ ತೆಗೆದು ವರದಿ ಕೊಡಲು ಹೊರಗಿನ ತಜ್ಞೆಯೆಂದು ನನ್ನನ್ನು ಕರೆದರು. ಹೊಸೂರಿನಲ್ಲಿ ಸುಮ್ಮನೆ ಕುಳಿತಿದ್ದ ನಾನು ಒಪ್ಪಿಕೊಂಡೆ. ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ಮಾದಪ್ಪನ ಮನೆಯ ಹೊರಕೋಣೆಯಲ್ಲಿ ಚಾಪೆ ಹಾಸಿದ್ದೆ.

ಮಾದಪ್ಪ ದೊಡ್ಡಿಯ ಹಿರಿಯ. ಮೊದಲು ಸಹಿ ಹಾಕಿದವನು. ಅವನ ಮಗ ಮಂಜುನಾಥ ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುತ್ತಿದ್ದ. ಯೋಜನೆಯ ಮೇಲ್ವಿಚಾರಕನಾಗಿ ಊರಿಗೆ ಮರಳಿದ್ದ, ಹೆಂಡತಿ ಮಗುವಿನ ಸಮೇತ. ಸಹಿ ಹಾಕದೆ ಉಳಿದದ್ದು ಒಂದೇ ಮನೆ. ಅದು ಮಾದಪ್ಪನ ತೀರಿಹೋದ ಅಣ್ಣನ ಹೆಂಡತಿ ಗೌರಮ್ಮನದು. ಅವಳ ಪಾಲಿನ ನೆಲ ಇಳಿಜಾರಿನ ಸರಿಯಾಗಿ ನಡುವೆ, ಸೊಂಟಕ್ಕೆ ಸುತ್ತಿದ ಪಟ್ಟಿಯ ಹಾಗೆ, ಈ ತುದಿಯಿಂದ ಆ ತುದಿಗೆ ಅಡ್ಡಲಾಗಿ ಹರಡಿತ್ತು. ಅದರ ಮೇಲೂ ಕೆಳಗೂ ಯೋಜನೆ, ನಡುವೆ ಅವಳು. ಅವಳ ಹಟ್ಟಿಯಲ್ಲಿ ಆಲಂಬಾಡಿ ತಳಿಯ ದನಗಳಿದ್ದವು. ಆ ದನಕ್ಕೆ ಬೆಟ್ಟದ ಹುಲ್ಲೇ ಆಗಬೇಕು.

"ಮರ ಬೇಡ ಅನ್ನಾಕಿಲ್ಲ ಅಕ್ಕಾ," ಎಂದಳು ಮೊದಲ ಸಲ ನನಗೆ ರಾಗಿ ಅಂಬಲಿ ಕೊಟ್ಟಾಗ. "ಹುಲ್ಲು ಬೆಂಕಿ ಕಾಣ್ದಂಗೆ ಎಲ್ಡು ವರ್ಸ ಬುಟ್ರೆ ಏನಾಯ್ತದೆ ಅಂತ ಆ ಕಾಗದದಾಗೆ ಯಾರಾದ್ರೂ ಬರ್ದವ್ರಾ? ನೀವು ಓದಿರೋರು, ನೋಡಿ ಏಳಿ."

ಓದಿ ನೋಡಿದೆ. ಬರೆದಿತ್ತು, ಆದರೆ ಬೇರೆ ರೀತಿಯಲ್ಲಿ. ಅಳೆದ ಇಂಗಾಲದಲ್ಲಿ ಒಂದು ಪಾಲನ್ನು ಮಾರದೆ ಮೀಸಲಿಡುತ್ತಾರೆ. ಇಂಥ ಎಷ್ಟೋ ಊರುಗಳ ಮೀಸಲು ಸೇರಿ ಒಂದು ರಾಶಿ. ಯಾವುದಾದರೂ ಇಳಿಜಾರು ಸುಟ್ಟುಹೋದರೆ, ಕಳೆದುಹೋದಷ್ಟನ್ನು ಆ ರಾಶಿಯಿಂದ ತುಂಬಿಬಿಡುತ್ತಾರೆ. ಕೊಂಡವರ ಲೆಕ್ಕ ಅಲ್ಲಾಡುವುದಿಲ್ಲ. ಅಲ್ಲಿ ಬೆಂಕಿ ಒಂದು ಸಂಭವ, ಅದಕ್ಕೊಂದು ಪ್ರಮಾಣ ಕಟ್ಟಿ, ವಿಮೆಯಂತೆ ಅರಗಿಸಿಕೊಂಡಿದ್ದರು. ಗೌರಮ್ಮ ಕೇಳಿದ್ದು ಇಳಿಜಾರಿನ ಕೆಳಗೆ ಮಲಗುವವರ ಬಗ್ಗೆ. ಅವರು ಆ ಲೆಕ್ಕದ ಯಾವ ಕಲಮಿನಲ್ಲೂ ಇರಲಿಲ್ಲ. ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ ಎಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಅಲ್ಲಿ ಉಗುಳಿದ ಹೊಗೆ ಆಗಿಹೋದ ಸಂಗತಿ. ಇಲ್ಲಿ ಹೀರುವುದು ಇನ್ನೂ ಆಗಬೇಕಾದ ಮಾತು. ಆದದ್ದಕ್ಕೂ ಆಗಬೇಕಾದದ್ದಕ್ಕೂ ಸರಿಸಮ ಗೆರೆ ಎಳೆದ ಮೇಲೆ, ಆ ಗೆರೆಯನ್ನು ವರ್ಷವರ್ಷ ಎತ್ತಿಹಿಡಿದು ನಿಲ್ಲಬೇಕಾದವರು ಈ ದೊಡ್ಡಿಯವರು.

ಸಂಕ್ರಾಂತಿ ಬಂತು. ಹಬ್ಬದ ಮರುದಿನ ಬೆಳಗ್ಗೆ ಗೌರಮ್ಮ ಸೊಪ್ಪು ಮುರಿದುಕೊಂಡು ತನ್ನ ನೆಲದ ಅಂಚಿಗೆ ಹೋಗಿ ನಿಂತಳು. ತನ್ನ ಪಾಲನ್ನಾದರೂ ಸುಡಬೇಕೆಂದು ಅವಳ ಎಣಿಕೆ. ಅದಕ್ಕೆ ಯಾವ ಒಪ್ಪಂದದ ಅಡ್ಡಿಯೂ ಇರಲಿಲ್ಲ. ಆದರೆ ಒಂದು ಪಟ್ಟಿಯನ್ನು ಸುಡಲೂ ಇಕ್ಕೆಲದಲ್ಲಿ ಕೈ ಬೇಕು. ಸಹಿ ಹಾಕಿದವರು ಬೆಂಕಿಯ ಕೆಲಸದಲ್ಲಿ ಪಾಲ್ಗೊಳ್ಳುವಂತಿಲ್ಲ ಎಂದು ಒಪ್ಪಂದದಲ್ಲಿತ್ತು. ಒಬ್ಬರೂ ಬರಲಿಲ್ಲ. ಹೆಂಗಸರು ನೀರಿಗೆ ಹೋಗುವ ನೆಪದಲ್ಲಿ ಬಂದು ದೂರದಿಂದ ನೋಡಿ ಹಿಂದಿರುಗಿದರು. ಮಾದಪ್ಪ ಜಗಲಿಯ ಮೇಲೆ ಕುಳಿತು ಅತ್ತ ಬೆನ್ನು ಹಾಕಿದ್ದ.

ಬಿಸಿಲೇರಿದ ಮೇಲೆ ಅವಳು ಇಳಿದು ಬಂದು ಮೈದುನನ ಮುಂದೆ ಸೊಪ್ಪು ಎಸೆದಳು. "ತಕ, ನಿನ್ನ ಆಡುಗಳಿಗೆ ಹಾಕು. ಅವು ಸೈನ್ ಹಾಕಿಲ್ಲ, ತಿಂತವೆ."

"ಅತ್ತಿಗೆ, ನೀನು ಕಡ್ಡಿ ಗೀರಿದ್ರೆ ಅದು ನಿನ್ನ ನೆಲದಾಗೆ ನಿಂತ್ಕತದಾ? ಪಕ್ಕದ್ದು ಹೋದ್ರೆ ಯಾರು ಹೊಣೆ?"

"ಅದ್ಕೇ ಅಲ್ವೇನಪ್ಪಾ ಎಲ್ರೂ ಬನ್ನಿ ಅನ್ನೋದು."

ಅವಳು ಒಂಟಿಯಾಗಿ ಹಚ್ಚಲಿಲ್ಲ. ಕಟ್ಟಳೆಗೆ ಕಟ್ಟುಬಿದ್ದವಳು. ಆ ದಿನದ ಬಗ್ಗೆ ನನ್ನ ದಿನಚರಿಯೂ ಊರಿನವರ ನೆನಪೂ ಒಂದೇ ಮಾತು ಹೇಳುತ್ತವೆ: ಅಂದು ಇಬ್ಬನಿ ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಸುಡಲು ಅಂಥ ದಿನ ಆ ವರ್ಷ ಮತ್ತೆ ಬರಲಿಲ್ಲ.

ಆಮೇಲಿನ ವಾರಗಳನ್ನು ನಾನು ಭಯದ ವಾರಗಳೆಂದೇ ನೆನೆಯುತ್ತೇನೆ. ಯೋಜನೆ ಬಂದ ಹಿಂದಿನ ವರ್ಷವೂ ಸುಟ್ಟಿರಲಿಲ್ಲವಾದ್ದರಿಂದ ಎರಡು ವರ್ಷದ ಹುಲ್ಲು ಸೇರಿ ನಿಂತಿತ್ತು. ಹಳೆಯದು ಬಾಗಿ ಹಾಸಿಗೆಯಾಗಿತ್ತು, ಹೊಸದು ಅದರೊಳಗಿಂದ ಆಳೆತ್ತರಕ್ಕೆದ್ದಿತ್ತು. ಮಾದರಿ ತೆಗೆಯಲು ಅದರೊಳಗೆ ಹೊಕ್ಕರೆ ಸಸಿಗಳು ಕಾಣುತ್ತಿರಲಿಲ್ಲ. ಮಾಘ ಮುಗಿಯುತ್ತ ಬಂದಂತೆ ಅದು ಹೊಂಬಣ್ಣದಿಂದ ಬಿಳಿಚಿಕೊಂಡಿತು. ಮಧ್ಯಾಹ್ನದ ಗಾಳಿಗೆ ಇಡೀ ಇಳಿಜಾರು ಒಂದೇ ಸಮನೆ ಸರಸರ ಸದ್ದು ಮಾಡುತ್ತಿತ್ತು. ಮಾತಾಡುತ್ತಿದ್ದವರು ಆ ಸದ್ದು ಜೋರಾದಾಗ ಮಾತು ನಿಲ್ಲಿಸುತ್ತಿದ್ದರು. ಕಡಿಮೆಯಾದಾಗ ಎಲ್ಲಿಗೆ ನಿಲ್ಲಿಸಿದ್ದೆವೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಬೀಡಿ ಸೇದುವವರು ದೊಡ್ಡಿಯಿಂದಾಚೆ, ಹೊಂಡದ ಬಳಿ ಹೋಗಿ ಸೇದಿ ಬರುತ್ತಿದ್ದರು. ಹೆಂಗಸರು ಒಲೆಯ ಬೂದಿಗೆ ನೀರು ಹಾಕಿಯೇ ಹೊರಗೆ ಚೆಲ್ಲುತ್ತಿದ್ದರು.

ನಾನು ಕಂಪನಿಗೆ ಪತ್ರ ಬರೆದೆ. ಮನೆಗಳ ಹಿಂದೆ, ಇಳಿಜಾರಿನ ಬುಡದಲ್ಲಿ ಅಡ್ಡಲಾಗಿ ಹುಲ್ಲು ಸುಟ್ಟು ಒಂದು ಬೋಳು ಗೆರೆ ಮಾಡಲು ಅನುಮತಿ ಕೇಳಿದೆ. ಯೋಜನೆಯ ಎಲ್ಲೆಯೊಳಗೆ ಯಾವ ಉದ್ದೇಶಕ್ಕೆ ಹಚ್ಚಿದ ಬೆಂಕಿಯೂ ನಷ್ಟವೆಂದೇ ಲೆಕ್ಕ ಎಂದು ಉತ್ತರ ಬಂತು. ಹಾಗಾದರೆ ಕೊಯ್ದು ತೆಗೆಯುತ್ತೇವೆ ಎಂದು ಬರೆದೆ. ಕೊಯ್ದು ಹೊರಗೆ ಸಾಗಿಸಿದ ಹುಲ್ಲೂ ಎಲ್ಲೆಯಿಂದ ಹೊರಹೋದ ಇಂಗಾಲವೇ. ಆದ್ದರಿಂದ ವಿಧಾನದಲ್ಲಿ ಬದಲಾವಣೆ ಬೇಕು, ಮುಂದಿನ ಪರಿಶೀಲನೆಯ ಸುತ್ತಿನಲ್ಲಿ ಪರಿಗಣಿಸುತ್ತೇವೆ ಎಂದರು. ಆ ಸುತ್ತು ಮಳೆಗಾಲದ ನಂತರ ಎಂದು ಮಂಜುನಾಥ ತಿಳಿಸಿದ. ಹೇಳುವಾಗ ಅವನ ಕಣ್ಣು ನನ್ನ ಹೆಗಲಾಚೆ ಇಳಿಜಾರಿನ ಮೇಲಿತ್ತು.

"ನಿಮ್ಗೂ ಭಯ ಆಯ್ತದಾ ಮಂಜುನಾಥ?"

"ಆಗ್ದೆ ಏನ್ ಮೇಡಂ. ಫ್ಯಾಕ್ಟ್ರೀಲಿ ಬೆಂಕಿ ಬಿದ್ರೆ ಎಲ್ಲಿ ನಿಲ್ಬೇಕು ಅಂತ ನೆಲದ ಮ್ಯಾಲೆ ಹಸಿರು ಬಣ್ಣ ಬಳ್ದಿರ್ತಾರೆ. ಇಲ್ಲಿ ಎಲ್ಲಿ ಬಳೀಲಿ?"

ಒಂದೇ ಕಡೆ ಹುಲ್ಲು ತಗ್ಗಾಗಿತ್ತು. ಚಿಗುರು ಸಿಗದೆ ಗೌರಮ್ಮನ ದನಗಳು ಒಣಹುಲ್ಲನ್ನೇ ಹರಿದು ತಿಂದು, ತುಳಿದು, ಆ ನಡುಪಟ್ಟಿಯನ್ನು ಬೋಳಾಗಿಸುತ್ತ ಬಂದಿದ್ದವು. ಅವುಗಳ ಪಕ್ಕೆಲುಬು ಎದ್ದಿದ್ದವು. ಅವು ಗೆರೆ ದಾಟಿ ಯೋಜನೆಯ ಸಸಿಗೆ ಬಾಯಿ ಹಾಕಬಾರದೆಂದು ಅವಳು ದಿನವಿಡೀ ಬಿಸಿಲಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದಳು. ಯೋಜನೆಯ ಅರ್ಧವಾರ್ಷಿಕ ವರದಿಯಲ್ಲಿ ಆ ಪಟ್ಟಿಯನ್ನು ಅಪಾಯದ ಮೂಲವೆಂದು ಗುರುತಿಸಿದ್ದರು. ಅಲ್ಲಿ ಜಾನುವಾರು ಇದೆ, ಬೆಂಕಿಯ ಸಾಧ್ಯತೆ ಇದೆ, ಮಾಲೀಕಳು ಸಹಕರಿಸುತ್ತಿಲ್ಲ. ಯೋಜನೆಯಿಂದ ಏನನ್ನೂ ಪಡೆಯದ ಒಬ್ಬಳೇ ಯೋಜನೆಯ ಅಪಾಯವಾಗಿದ್ದಳು. ಈ ಮಾತು ಮಂಜುನಾಥನ ಮೂಲಕ ಮನೆಮನೆಗೂ ತಲುಪಿತು. ಆಮೇಲೆ ಅವಳ ಒಲೆಯ ಹೊಗೆ ಕೊಂಚ ದಪ್ಪವಾಗಿ ಎದ್ದರೂ ಪಕ್ಕದ ಮನೆಯವರು ಕತ್ತೆತ್ತಿ ನೋಡತೊಡಗಿದರು.

ಬೆಂಕಿ ಬಂದದ್ದು ಯುಗಾದಿಗೆ ಮುಂಚಿನ ವಾರ. ಸಂತೆಯ ಮರುದಿನ ಎಂದು ಗೌರಮ್ಮ ಹೇಳುತ್ತಾಳೆ, ಸಂತೆಯ ದಿನವೇ ಎಂದು ಮಾದಪ್ಪ. ನನ್ನ ದಿನಚರಿ ಗೌರಮ್ಮನ ಪರ. ಹಿಂದಿನ ಸಂಜೆ ಮಳೆಯಿಲ್ಲದೆ ಬರೀ ಸಿಡಿಲು ಆಡಿತ್ತೆಂದು ಕೆಲವರು, ಕಾಡಿನೊಳಗೆ ಯಾರೋ ಜೇನಿಗೆ ಹೋಗಿದ್ದರೆಂದು ಕೆಲವರು. ಎರಡಕ್ಕೂ ನನ್ನಲ್ಲಿ ಪುರಾವೆಯಿಲ್ಲ. ಖಚಿತವಾಗಿ ಗೊತ್ತಿರುವುದು ಇಷ್ಟು: ಮಧ್ಯಾಹ್ನದ ಬಸ್ಸಿನಿಂದ ಇಳಿದವರು ದೊಡ್ಡಿಯ ಕಡೆ ನಡೆದು ಬರುವಾಗ ನೆತ್ತಿಯ ಮೇಲೆ, ಗಡಿಕಲ್ಲುಗಳಾಚೆಯಿಂದ ಹೊಗೆ ಏಳುತ್ತಿತ್ತು. ಕೂಗಿಕೊಂಡು ಓಡಿ ಬಂದರು. ನಾನು ಹೊರಗೆ ಬಂದು ನೋಡಿದಾಗ ಕಂದು ಹೊಗೆಯ ಅಡಿಯಲ್ಲಿ ಒಂದು ಕೆಂಪು ಅಂಚು ಗಡಿ ದಾಟಿ ಇಳಿಜಾರಿಗೆ ಕಾಲಿಡುತ್ತಿತ್ತು. ಗಾಳಿ ಮೇಲಿನಿಂದ ಕೆಳಕ್ಕೆ.

ಆ ಸದ್ದನ್ನು ಹೇಗೆ ಹೇಳಲಿ. ಹುಲ್ಲು ಉರಿಯುವ ಸದ್ದಲ್ಲ ಅದು. ಗಟ್ಟಿ ಬಟ್ಟೆಯನ್ನು ಯಾರೋ ನಿಲ್ಲಿಸದೆ ಹರಿಯುತ್ತಿರುವ ಹಾಗೆ. ಜನ ಮಕ್ಕಳನ್ನು, ಕೋಳಿಬುಟ್ಟಿಯನ್ನು, ಆಡುಗಳನ್ನು ಹೊಂಡದ ಕಡೆಗೆ ಅಟ್ಟುತ್ತಿದ್ದರು. ಅಷ್ಟರಲ್ಲಿ ಇಳಿಜಾರಿನ ನಡುವಿನಿಂದ ಗೌರಮ್ಮನ ಕೂಗು ಕೇಳಿಸಿತು. ದನಗಳನ್ನು ಕೆಳಕ್ಕೆ ಅಟ್ಟಿ ಅವಳು ತನ್ನ ಪಟ್ಟಿಯ ಮೇಲಂಚಿನಲ್ಲಿ ನಿಂತಿದ್ದಳು. "ಸೊಪ್ಪು ತಕಂಡು ಬನ್ರೋ! ಓಡಿದ್ರೆ ಮನೆ ಉಳೀತದಾ? ಬನ್ರೋ!"

ಮಾದಪ್ಪ ಹತ್ತಿದ. ಅವನ ಹಿಂದೆ ಮೊದಲು ಐದಾರು ಮನೆಯವರು, ಆಮೇಲೆ ಉಳಿದವರು. ನಾನೂ ಹತ್ತಿದೆ, ಹೇಗೆ ಹತ್ತಿದೆನೆಂದು ಈಗಲೂ ತಿಳಿಯದು. ಅವಳ ಆಲೋಚನೆ ಎಲ್ಲರಿಗೂ ಹೇಳದೆಯೇ ಗೊತ್ತಿತ್ತು. ಬೋಳಾದ ಪಟ್ಟಿಯನ್ನು ಬೆನ್ನಿಗಿಟ್ಟುಕೊಂಡು ಅದರ ಮೇಲಂಚಿನಿಂದ ಎದುರು ಬೆಂಕಿ ಹಚ್ಚಬೇಕು. ಮೇಲಿನ ದೊಡ್ಡ ಬೆಂಕಿ ಹತ್ತಿರವಾದಂತೆ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಸಣ್ಣ ಬೆಂಕಿ ಮೇಲಕ್ಕೆ ಹೋಗಿ ಅದನ್ನು ಸಂಧಿಸುತ್ತದೆ. ಸುಡಲು ಏನೂ ಉಳಿಯದೆ ಎರಡೂ ಸಾಯುತ್ತವೆ. ಕೆಳಕ್ಕೆ ಹಾರುವ ಕಿಡಿಗಳನ್ನು ಸೊಪ್ಪಿನಿಂದ ಬಡಿಯಬೇಕು.

ಎಲ್ಲರೂ ಸಾಲಾಗಿ ನಿಂತರು. ಕಡ್ಡಿ ಗೀರಬೇಕಾದ ಗಳಿಗೆಯಲ್ಲಿ ಮಾದಪ್ಪ ಬೆಂಕಿಪೊಟ್ಟಣ ಹಿಡಿದು ತಡೆದ.

"ಅತ್ತಿಗೆ, ನಾನು ಸೈನ್ ಹಾಕಿವ್ನಿ."

"ಅಯ್ಯೋ ನಿನ್ನ ಸೈನಿಗೆ ನನ್ ಎಕ್ಕಡ! ನಾನು ಹಾಕಿಲ್ವಲ್ಲ, ಕೊಡಿಲ್ಲಿ."

ಕಿತ್ತುಕೊಂಡಳು, ಬಗ್ಗಿದಳು, ಗೀರಿದಳು. ಒಂದು ಹಿಡಿ ಹುಲ್ಲು ಹೊತ್ತಿಸಿ ಅಂಚಿನುದ್ದಕ್ಕೂ ಎಳೆದುಕೊಂಡು ಓಡಿದಳು. ಅವಳ ಹಿಂದೆ ದೊಡ್ಡಿಯೆಲ್ಲ ಸೊಪ್ಪು ಬಡಿಯುತ್ತ ನಡೆಯಿತು. ಕೆಮ್ಮು, ಬೈಗುಳ, ಅಳು. ಕೆಲ ಹೊತ್ತು ಎರಡು ಬೆಂಕಿಗಳ ನಡುವಿನ ಗಾಳಿ ನಮ್ಮ ಉಸಿರನ್ನೇ ಸೆಳೆದುಕೊಂಡಿತು. ಆಮೇಲೆ ಬಟ್ಟೆ ಹರಿಯುವ ಸದ್ದು ನಮ್ಮ ತಲೆಯ ಮೇಲೆ ಬಂದು, ಹಠಾತ್ತನೆ ನಿಂತಿತು.

ಮೇಲಿನ ಅರ್ಧ ಇಳಿಜಾರು, ಅದರ ಸಸಿಗಳ ಸಮೇತ, ಕಪ್ಪಾಗಿತ್ತು. ಕೆಳಗಿನ ಅರ್ಧವೂ ಮನೆಗಳೂ ಹಾಗೆಯೇ ಉಳಿದಿದ್ದವು. ಮಾದಪ್ಪನ ಹುಬ್ಬು ಸುಟ್ಟಿತ್ತು. ಅದನ್ನು ನೋಡಿ ಗೌರಮ್ಮ ನಕ್ಕಳು, ನಗುತ್ತ ನಗುತ್ತ ಕುಸಿದು ಕುಳಿತಳು. "ನೋಡ್ಲಾ ಮಂಜ, ನಿಮ್ಮಪ್ಪ ಮದ್ವೆಗಂಡಾಗವ್ನೆ. ಮಕ ಸವುರ್ಕೊಂಡವ್ನೆ."

ಮಂಜುನಾಥನ ಕೈಯಲ್ಲಿ ಫೋನಿತ್ತು. ಕಾರ್ಖಾನೆಯಲ್ಲಿ ಅವನಿಗೆ ಮೈಗಂಟಿಸಿದ ಶಿಸ್ತು ಅದು: ಏನಾದರೂ ಕೆಟ್ಟರೆ ಕೈ ಹಾಕುವ ಮುನ್ನ ಒಂದು ಚಿತ್ರ. ಯೋಜನೆಯೂ ಅವನಿಗೆ ಅದನ್ನೇ ಹೇಳಿತ್ತು. ಸೊಪ್ಪು ಎತ್ತಿಕೊಳ್ಳುವ ಮೊದಲು ಅವನು ಒಂದೇ ಒಂದು ಚಿತ್ರ ತೆಗೆದಿದ್ದ. ಯೋಜನೆಯವರು ಫೋನಿಗೆ ಹಾಕಿಕೊಟ್ಟ ತಂತ್ರಾಂಶದಿಂದ ಅದು ಅವನು ಕಳಿಸದೆಯೇ, ಸಮಯ ಸ್ಥಳಗಳ ಸಮೇತ, ಕಂಪನಿಗೆ ಹೋಗಿ ಸೇರಿತ್ತು. ಚಿತ್ರದಲ್ಲಿ ಮೇಲಿನ ಬೆಂಕಿ ಇರಲಿಲ್ಲ, ಅದು ಚೌಕಟ್ಟಿನಾಚೆ ಉಳಿದಿತ್ತು. ಸಾಲಾಗಿ ನಿಂತ ಜನ ಇರಲಿಲ್ಲ. ಬಗ್ಗಿದ ಒಬ್ಬ ಹೆಂಗಸು, ಅವಳ ಕೈಯಲ್ಲಿ ಉರಿಯುವ ಕಡ್ಡಿ, ಪಾದದ ಬಳಿ ಜ್ವಾಲೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಯೋಜನೆಯ ಲೆಕ್ಕ ನೋಡುವ ಪರಿಶೀಲಕರೊಬ್ಬರು ಬಂದರು. ಮಧ್ಯವಯಸ್ಸಿನ, ಸೌಮ್ಯ ಮಾತಿನ ಮನುಷ್ಯ. ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ತಮಿಳಿನಲ್ಲಿ ಮಾತಾಡಿದರು. ಗಡಿಯ ಊರಾದ್ದರಿಂದ ತಮಿಳು ಎಲ್ಲರಿಗೂ ಬರುತ್ತಿತ್ತು. ಆದರೂ ಅಂದು ಪ್ರತಿ ಮಾತನ್ನೂ ಮಂಜುನಾಥ ಕನ್ನಡದಲ್ಲಿ ಮತ್ತೊಮ್ಮೆ ಹೇಳಬೇಕೆಂದು ಹಿರಿಯರು ಹಟ ಹಿಡಿದರು. ಉತ್ತರಿಸುವ ಮುನ್ನ ಯೋಚಿಸಲು ಅಷ್ಟು ಸಮಯ ಬೇಕಿತ್ತು ಅವರಿಗೆ.

ಪರಿಶೀಲಕರ ಪ್ರಶ್ನೆ ಒಂದೇ. ಈ ನಷ್ಟ ತಾನಾಗಿ ಆದದ್ದೋ, ಮನುಷ್ಯರು ಮಾಡಿದ್ದೋ? ತಾನಾಗಿ ಆದದ್ದಾದರೆ ಮೀಸಲು ರಾಶಿ ತುಂಬಿಕೊಡುತ್ತದೆ. ಮಾಡಿದ್ದಾದರೆ ಸುಟ್ಟಷ್ಟನ್ನೂ ದೊಡ್ಡಿಯವರೇ ಮತ್ತೆ ನೆಟ್ಟು ಬೆಳೆಸಿ ಕೊಡಬೇಕು, ಒಪ್ಪಂದದ ಅವಧಿ ಮೊದಲಿನಿಂದ ಶುರುವಾಗುತ್ತದೆ, ಹಚ್ಚಿದವರ ಮೇಲೆ ಪೊಲೀಸಿಗೆ ದೂರು ಹೋಗುತ್ತದೆ. ಉಪಗ್ರಹದ ಚಿತ್ರಗಳು ಬೆಂಕಿಗೆ ಮುಂಚಿನ ದಿನದ್ದೊಂದು, ಆದ ಮೇಲಿನದೊಂದು. ಮೊದಲು ಯಾವುದು ಹೊತ್ತಿತೆಂದು ಅವು ಹೇಳುವುದಿಲ್ಲ. ಸಮಯ ನಮೂದಾದ ಪುರಾವೆ ಈ ಚಿತ್ರವೊಂದೇ.

ನಾನು ಎದ್ದು ನಿಂತು ಕ್ರಮವನ್ನು ವಿವರಿಸಿದೆ: ಬಸ್ಸು, ಹೊಗೆ, ಗಡಿ, ಆಮೇಲೆ ಕಡ್ಡಿ. ಬರೆದು ಸಹಿ ಮಾಡಿದ ಹೇಳಿಕೆಯನ್ನೂ ಕೊಟ್ಟೆ.

ಅವರು ಗೌರವದಿಂದಲೇ ತೆಗೆದುಕೊಂಡರು. "ಅಮ್ಮಾ, ನಿಮ್ಮ ಮಾತು ನಾನು ನಂಬುತ್ತೇನೆ. ಆದರೆ ನೀವು ಯೋಜನೆಯಿಂದ ಗೌರವಧನ ಪಡೆದವರು. ಈ ಜನ ಫಲಾನುಭವಿಗಳು. ಆ ಹೆಂಗಸು ಆರೋಪ ಹೊತ್ತವಳು. ನಿಯಮದ ಪ್ರಕಾರ ನೀವು ಯಾರೂ ಸಾಕ್ಷಿಯಲ್ಲ."

ಅಲ್ಲಿ ಇದ್ದವರಾರೂ ಸಾಕ್ಷಿಯಲ್ಲ. ಅಲ್ಲಿ ಇಲ್ಲದಿದ್ದ ಉಪಗ್ರಹಕ್ಕೆ ಮಾತ್ರ ಆ ಅರ್ಹತೆ. ಜೀವಮಾನವಿಡೀ ದಿನಾಂಕಗಳನ್ನು ಸರಿನೋಡಿದವಳು ನಾನು. ಒಂದು ಕ್ರಮ ನಿಜವಾಗಿಯೂ ಗೊತ್ತಿದ್ದು, ಅದು ಗೊತ್ತಿರುವುದರಿಂದ ಏನೂ ಆಗದೆಂದು ಅರಿವಾದಾಗ ಹುಟ್ಟುವ ಭಯ ಬೆಂಕಿಯ ಭಯಕ್ಕಿಂತ ತಣ್ಣಗಿರುತ್ತದೆ.

ಹೊರಡುವ ಮುಂಚೆ ಅವರು ಒಂದು ದಾರಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಗೌರಮ್ಮನ ಪಟ್ಟಿಯೂ ಯೋಜನೆಗೆ ಸೇರಿಬಿಟ್ಟರೆ ಇಡೀ ಇಳಿಜಾರು ಒಂದೇ ಎಲ್ಲೆಯೊಳಗಾಗುತ್ತದೆ. ಆಗ ಹೊರಗಿನವರು ಹಚ್ಚಿದ ಬೆಂಕಿ ಎಂಬ ಪ್ರಶ್ನೆಯೇ ಬರುವುದಿಲ್ಲ. ಅಪಾಯದ ಮೂಲ ನಿವಾರಣೆಯಾಯಿತೆಂದು ಬರೆದು ನಷ್ಟವನ್ನು ಮೀಸಲಿಗೆ ಹಾಕಬಹುದು. ಯಾರ ಹೆಸರೂ ಬೇಕಾಗುವುದಿಲ್ಲ.

ಅಂದು ಸಂಜೆ ನಾನು ಗೌರಮ್ಮನ ಹಟ್ಟಿಯ ಮುಂದೆ ಕುಳಿತಿದ್ದೆ. ಮಾದಪ್ಪ ಬಂದು ಬೇಲಿಯ ಬಳಿ ನಿಂತ.

"ಏನ್ ಮಾದಪ್ಪ, ಒಳೀಕೆ ಬರಾಕೂ ಅವರ್ ಪರ್ಮಿಸನ್ ಬೇಕಾ?"

ಬಂದು ಕುಳಿತ. ನೆಲ ಕೆರೆದ. "ಅತ್ತಿಗೆ, ಕೇಸು ಅಂತವ್ರೆ. ನಿನ್ ಹೆಸರೇ ಬತ್ತದೆ. ಪೋಟೋದಾಗೆ ನೀನೊಬ್ಳೇ ಇರಾದು."

"ನೀವೆಲ್ಲ ನನ್ ಹಿಂದೆ ನಿಂತಿದ್ರಲ್ಲ."

"ನಿಂತಿದ್ವಿ. ಪೋಟೋದಾಗಿಲ್ಲ."

ಮಂಜುನಾಥ ಬೇಲಿಯಾಚೆ ನಿಂತಿದ್ದ, ಒಳಗೆ ಬರಲಿಲ್ಲ. ಗೌರಮ್ಮ ಅವನನ್ನು ನೋಡಿದಳು. "ಯಾಕ್ಲಾ ಅಂಗ್ ನಿಂತಿದ್ದೀಯಾ? ಬಾರ್ಲಾ. ಪೋಟೋ ಚೆಂದಾಗೇ ತೆಗ್ದಿದ್ದೀಯ ಕಣ್ಲಾ, ನನ್ ಮದ್ವೇಲೂ ಯಾರೂ ತೆಗ್ದಿರ್ಲಿಲ್ಲ."

ಅವನು ಅಲ್ಲೇ ಮುಖ ಮುಚ್ಚಿಕೊಂಡು ಅತ್ತ. "ದೊಡ್ಡವ್ವಾ, ನಂಗೊತ್ತಾಗ್ಲಿಲ್ಲ ದೊಡ್ಡವ್ವಾ. ಅದು ತಂತಾನೇ ಹೋಗ್ಬುಡ್ತು."

ಸಹಿ ಹಾಕಬೇಡಿ ಎಂದು ನಾನು ಹೇಳಿದೆ. ನ್ಯಾಯಾಲಯ ಎಂಬುದೊಂದಿದೆ ಎಂದೆ. ಚಿತ್ರದ ಸಮಯವನ್ನು ಬಸ್ಸಿನ ಸಮಯದೊಡನೆ ಹೋಲಿಸಬಹುದು, ನಾನೇ ಬಂದು ನಿಲ್ಲುತ್ತೇನೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನೀವು ಬತ್ತೀರ ಅಕ್ಕ, ನಂಗೊತ್ತು. ಆದ್ರೆ ಈ ಮನೆಗೋಳು? ಅವರು ಮತ್ತೆ ಗುಂಡಿ ತೋಡಿ, ನೆಟ್ಟು, ನೀರು ಹೊತ್ತು, ದಿನಾ ನನ್ ಬಾಗ್ಲ ಮುಂದೇನೆ ಓಡಾಡ್ಬೇಕು. ಬೆಂಕೀನಾದ್ರೆ ಎದುರು ಹಚ್ಚಿ ನಿಲ್ಲುಸ್ಬೌದು. ಅದುನ್ನ ಏನ್ ಹಚ್ಚಿ ನಿಲ್ಸಾನ?"

ಮರುದಿನ ಸಹಿ ಹಾಕಿದಳು. ಮೇಯಲು ನೆಲವಿಲ್ಲದ ದನಗಳನ್ನು ದೇನ್ಕನಿಕೋಟೆಯ ಕಡೆಯವರು ಕೊಂಡು ಹೊಡೆದುಕೊಂಡು ಹೋದರು. ಕಂಪನಿಯ ವರ್ಷದ ವರದಿಯಲ್ಲಿ ಆ ಬೇಸಗೆಯ ಬೆಂಕಿಗೆ ಒಂದು ಸಾಲಿದೆ. ಅದರ ಕೊನೆಯಲ್ಲಿ ನಿವ್ವಳ ಪರಿಣಾಮ ಶೂನ್ಯ ಎಂದಿದೆ. ಲೆಕ್ಕ ತಪ್ಪಿಲ್ಲ, ನಾನೇ ಸರಿನೋಡಿದ್ದೇನೆ. ನನ್ನ ಹೇಳಿಕೆ ಅನುಬಂಧದಲ್ಲಿದೆ.

ಮೂಕಂಡಪಲ್ಲಿಯ ಆ ವಾಸನೆಯ ಮರುದಿನವೇ ಬಸ್ಸು ಹತ್ತಿ ದೊಡ್ಡಿಗೆ ಹೋಗಿ ಬಂದೆ. ಸುಟ್ಟ ಮೇಲ್ಭಾಗದಲ್ಲಿ ಮತ್ತೆ ಸಸಿ ನೆಟ್ಟಿದ್ದಾರೆ. ಅವುಗಳ ನಡುವೆ ಹುಲ್ಲು ಮೊದಲಿಗಿಂತ ದಟ್ಟವಾಗಿ ಎದ್ದಿದೆ. ನಡುಪಟ್ಟಿಯನ್ನು ಹುಡುಕಿದೆ. ಎಲ್ಲಿತ್ತೆಂದು ಹೇಳಲು ಬಾರದಂತೆ ಅದೂ ಆಳೆತ್ತರದ ಹುಲ್ಲಿನಲ್ಲಿ ಮುಳುಗಿದೆ. ನೆತ್ತಿಯಿಂದ ಮನೆಗಳ ಹಿತ್ತಿಲವರೆಗೆ ಇಳಿಜಾರು ಈಗ ಅಖಂಡವಾಗಿ ಒಂದೇ, ಒಂದೇ ಬಣ್ಣ, ಒಂದೇ ಒಣಗು.

ಗೌರಮ್ಮ ಹಸಿರು ಕೋಟು ತೊಟ್ಟು ಬಂಡೆಯ ಮೇಲೆ ಕುಳಿತಿದ್ದಳು. ಯೋಜನೆಯವರು ಅವಳನ್ನು ಬೆಂಕಿ ಕಾವಲಿಗೆ ನೇಮಿಸಿದ್ದಾರೆ. ಬೆಂಕಿಯ ಬಗ್ಗೆ ಅವಳಿಗೆ ಅನುಭವವಿದೆಯೆಂದು. ಕೊರಳಲ್ಲಿ ಒಂದು ಸೀಟಿ. ಹೊಗೆ ಕಂಡರೆ ಊದಬೇಕು.

"ಊದಿದ ಮೇಲೆ?" ಎಂದು ಕೇಳಿದೆ.

"ಎಲ್ರೂ ಆಚೀಕೆ ಬತ್ತಾರೆ."

"ಬಂದು?"

ಅವಳು ಇಳಿಜಾರಿನ ಕಡೆ ನೋಡಿದಳು. ಅಲ್ಲಿ ಗಾಳಿ ಎದ್ದಿರಲಿಲ್ಲ. "ಬಂದು ನಿಂತ್ಕಂಡು ನೋಡ್ತಾರೆ ಅಕ್ಕ. ಕಡ್ಡಿ ಗೀರೋರು ಈಗ ಯಾರವ್ರೆ?"